ಕೈ ಊರದೆ ಏಳುವುದು

ಎಲ್ಲರಿಗೂ ನಮಸ್ಕಾರ. ಪರಿಚಯ ಸ್ವಲ್ಪ ಜಾಸ್ತಿಯೇ ಆಯಿತು. ಮಂಡಿ ನೋವು ಅಂತ ಬಂದವರ ಕಾಲು ಎತ್ತಿಸಿ ಇಳಿಸುವ ಫಿಸಿಯೋಥೆರಪಿಸ್ಟ್ ನಾನು, ಅಷ್ಟೇ. ವಾಕಿಂಗ್ ಒಳ್ಳೆಯದು ಅಂತ ನಿಮಗೆ ಹೇಳಬೇಕಾಗಿಲ್ಲ, ಬೆಳಿಗ್ಗೆ ಪಾರ್ಕಿನಲ್ಲಿ ನಿಮ್ಮನ್ನೆಲ್ಲ ನೋಡಿದ್ದೇನೆ. ಅರ್ಧ ಗಂಟೆ ವಾಕಿಂಗು, ಒಂದು ಗಂಟೆ ಕಲ್ಲುಬೆಂಚು. ಇರಲಿ. ಆ ಬೆಂಚಿನಿಂದ ಹೇಗೆ ಏಳುತ್ತೀರಿ ಅನ್ನುವುದೇ ಇವತ್ತಿನ ವಿಷಯ.

ನನ್ನ ಸೋದರತ್ತೆಯ ಕಥೆ ಹೇಳಿಬಿಡುತ್ತೇನೆ, ಮುಂಚೆ ಕೇಳಿದವರು ಸಹಿಸಿಕೊಳ್ಳಿ. 76 ವರ್ಷದವರೆಗೂ ಊರಲ್ಲಿ ಒಬ್ಬರೇ ಇದ್ದರು. ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚುವುದು, ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವುದು, ನೆಲದ ಮೇಲೆ ಊಟ. ದಿನಕ್ಕೆ ಎಷ್ಟು ಸಲ ಕೂತು ಎದ್ದರೋ, ಲೆಕ್ಕ ಇಟ್ಟವರಿಲ್ಲ. ಆಮೇಲೆ ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಒಳ್ಳೆ ಮಗ, ಒಳ್ಳೆ ಸೊಸೆ. ತೊಂದರೆ ಆಗಿದ್ದೇ ಅಲ್ಲಿ! 'ಅಮ್ಮ, ಬಗ್ಗಬೇಡ', 'ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ'. ಕುಡಿಯುವ ನೀರೂ ಕೂತಲ್ಲಿಗೇ ಬಂತು. ಒಂದೂವರೆ ವರ್ಷದಲ್ಲಿ ಕಮೋಡಿನಿಂದ ಏಳಲು ಸೊಸೆಯನ್ನು ಕೂಗಬೇಕಾಯಿತು. ಅದನ್ನು ಹೇಳುವಾಗ ಅತ್ತೆ ಅತ್ತುಬಿಟ್ಟರು. ಮನೆಯವರು 'ವಯಸ್ಸಾಯಿತಲ್ಲ' ಅಂದರು. ಕುರ್ಚಿ ಮೇಲೆ ಎರಡು ದಿಂಬು ಇಟ್ಟು, ಎತ್ತರದಿಂದ ಎದ್ದೇಳುವುದನ್ನು ಶುರು ಮಾಡಿಸಿದೆ. ದಿನಕ್ಕೆ ಐದು ಸಲ, ಆಮೇಲೆ ಹತ್ತು. ಹದಿನೈದು ದಿನಕ್ಕೆ ಒಂದು ದಿಂಬು ತೆಗೆದೆ. ಮೂರು ತಿಂಗಳಾದ ಮೇಲೆ ಬಚ್ಚಲುಮನೆಗೆ ಯಾರನ್ನೂ ಕೂಗಲಿಲ್ಲ. ಈಳಿಗೆಮಣೆ ಮುಂದೆ ಮಾತ್ರ ಮತ್ತೆ ಕೂರಲು ಆಗಲೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಇದೇನು ನಿಮ್ಮತ್ತೆಯ ಪುಣ್ಯ ಅನ್ನಬೇಡಿ. ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾತರೋನ್ ಅನ್ನುವ ವೈದ್ಯೆ ಮತ್ತು ಜೊತೆಯವರು 90ರ ಆಸುಪಾಸಿನ ಹತ್ತು ಜನರ ಕಾಲಿಗೆ ಭಾರ ಎತ್ತಿಸಿದರು. ಹಗುರದ್ದಲ್ಲ, ಎತ್ತಲು ಕಷ್ಟವಾಗುವಂಥ ಭಾರ. ಎಂಟು ವಾರ, ವಾರಕ್ಕೆ ಮೂರು ದಿನ. 1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಪೂರ್ತಿ ಮಾಡಿದ ಒಂಬತ್ತು ಜನರ ತೊಡೆಯ ಶಕ್ತಿ ಸರಾಸರಿ ಶೇ. 174ರಷ್ಟು ಏರಿತ್ತು, ಇಬ್ಬರು ಊರುಗೋಲು ಬಿಟ್ಟಿದ್ದರು. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಶಕ್ತಿ ಸುಮಾರು ಮೂರನೇ ಒಂದು ಪಾಲು ಇಳಿಯಿತು, ಅದನ್ನೂ ಹೇಳಬೇಕು. ತೊಡೆಗೆ ವಯಸ್ಸು ಗೊತ್ತಿರುವುದಕ್ಕಿಂತ ಕೆಲಸ ಗೊತ್ತು. ಮಕ್ಕಳು ಪ್ರೀತಿಯಿಂದಲೇ ಆ ಕೆಲಸ ಕಿತ್ತುಕೊಳ್ಳುತ್ತಾರೆ, ನೀವೂ ಖುಷಿಯಿಂದ ಕೊಟ್ಟುಬಿಡುತ್ತೀರಿ, ಅಲ್ವಾ?

ಹತ್ತು ಜನ ಸಾಲದು ಅನ್ನುವವರಿಗೆ ಅಮೆರಿಕದ್ದೇ ದೊಡ್ಡ ಅಧ್ಯಯನ ಇದೆ, 'ಲೈಫ್' ಅಂತ, 2014ರದ್ದು. 70ರಿಂದ 89 ವರ್ಷದ 1,635 ಜನ. ಎಲ್ಲರೂ ಕೂತಲ್ಲೇ ಕೂರುವವರು, ಆದರೆ 400 ಮೀಟರ್ ನಡೆಯಬಲ್ಲವರು. ಅರ್ಧ ಜನಕ್ಕೆ ನಡಿಗೆ, ಕಾಲಿನ ಬಲದ ವ್ಯಾಯಾಮ, ಸಮತೋಲನದ ಅಭ್ಯಾಸ. ಇನ್ನರ್ಧಕ್ಕೆ ಏನು ಕೊಟ್ಟರು ಗೊತ್ತಾ? ಆರೋಗ್ಯದ ಬಗ್ಗೆ ಉಪನ್ಯಾಸ! (ನಗಬೇಡಿ, ಜೊತೆಗೆ ಸ್ವಲ್ಪ ಕೈ ಚಾಚುವ ವ್ಯಾಯಾಮವೂ ಇತ್ತು.) ಸರಾಸರಿ ಎರಡೂವರೆ ವರ್ಷ ದಾಟುವಷ್ಟರಲ್ಲಿ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 35 ಜನರಿಗೆ ಆ 400 ಮೀಟರ್ ನಡೆಯಲಾಗದಂತಾಯಿತು. ವ್ಯಾಯಾಮದವರಲ್ಲಿ 30. ಐದೇ ಜನವಾ ಅಂತ ಮೂಗು ಮುರಿಯಬೇಡಿ, ಆ ಐವರಲ್ಲಿ ಒಬ್ಬರು ನೀವೇ ಇರಬಹುದು.

ಚೀಟಿ ಬಂತು, ಎರಡು ನಿಮಿಷ ಅಂತೆ. ಸಮತೋಲನ, ಬಿ.ಪಿ. ಮಾತ್ರೆ, ತಲೆಸುತ್ತು ಇವೆಲ್ಲ ಹೇಳಬೇಕಿತ್ತು. ಹೋಗಲಿ, ಹಲ್ಲುಜ್ಜುವಾಗ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ಉಳಿದದ್ದು ಕಾಫಿ ಕುಡಿಯುತ್ತಾ ಕೇಳಿ.

ನೀವೀಗ ಅರ್ಧ ಗಂಟೆಯಿಂದ ಉಪನ್ಯಾಸದ ಗುಂಪಿನಲ್ಲಿದ್ದೀರಿ. ಕುರ್ಚಿಯ ತುದಿಗೆ ಬನ್ನಿ. ಪಾದ ಹಿಂದಕ್ಕೆ, ಕೈ ಎದೆಯ ಮೇಲೆ. ಮಂಡಿ ಆಪರೇಷನ್ ಆದವರು ಮುಂದಿನ ಕುರ್ಚಿ ಹಿಡಿದುಕೊಳ್ಳಿ, ಪರವಾಗಿಲ್ಲ. ಏಳಿ. ನಿಧಾನವಾಗಿ ಕೂರಿ, ಧೊಪ್ಪಂತ ಬೀಳಬೇಡಿ. ಇನ್ನೊಂದು ಸಲ. ಅಧ್ಯಕ್ಷರೇ, ನೀವೂ.