ದೀಪ ಹಚ್ಚುವ ಹೊತ್ತಿನ ಗಂಟು

ಕೇಳುಗರೇ, ನಮಸ್ಕಾರ.

ನಮ್ಮಮ್ಮ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ಸೀರೆ, ಒಂದು ಟವೆಲ್ಲು ಸೇರಿಸಿ ಗಂಟು ಕಟ್ಟುತ್ತಿದ್ದರು. "ಕತ್ತಲಾಯ್ತು, ಮನೆಗೆ ಹೋಗ್ಬೇಕು" ಅನ್ನುತ್ತಿದ್ದರು. ಇದೇ ನಿಮ್ಮ ಮನೆ ಅಂದರೆ ಸಿಟ್ಟು. ಒಮ್ಮೆ ಬಳೆ ಕದ್ದಿದ್ದಾಳೆ ಅಂತ ಕೆಲಸದಾಕೆಯ ಮೇಲೆ ರೇಗಾಡಿದರು. ಬಳೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಬಚ್ಚಿಟ್ಟವರು ಅವರೇ.

ಡಿಮೆನ್ಷಿಯಾ, ನಾವು ಮರೆಗುಳಿ ಕಾಯಿಲೆ ಅನ್ನುತ್ತೇವಲ್ಲ, ಅದರಲ್ಲಿ ಮನೆಯವರನ್ನು ಹೈರಾಣ ಮಾಡುವುದು ಮರೆವಲ್ಲ. ಅನುಮಾನ, ಸಿಟ್ಟು, ರಾತ್ರಿಯೆಲ್ಲ ಓಡಾಟ, ಇಲ್ಲದ್ದು ಕಾಣುವುದು, ಇವು. 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರ್ ಆಲ್ಝೈಮರ್ ನೋಡಿದ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸಿನ ಕಾಯಿಲೆಯೂ ಶುರುವಾದದ್ದು ಗಂಡನ ಮೇಲಿನ ಅನುಮಾನದಿಂದ.

ಇದರಲ್ಲಿ ಸ್ವಲ್ಪ ಭಾಗ ಕಾಯಿಲೆಯದೇ. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಮೂಲೆಯಲ್ಲಿ ಮಕ್ಕಳು, ಪ್ರಾಣಿಗಳು ನಿಂತಂತೆ ಕಾಣುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕೈಯಲ್ಲಿರುವುದನ್ನೂ ನಾವು ಕಾಯಿಲೆಯ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಒಂದು ವಾರ ಸ್ನಾನಕ್ಕೆ ಕರೆದರೆ ಅಮ್ಮ ಹೊಡೆಯಲು ಬಂದರು. ಹಠ ಅಂದುಕೊಂಡೆವು. ನೋಡಿದರೆ ಮಂಡಿ ಊದಿತ್ತು, ನಾಲ್ಕು ದಿನದಿಂದ ಮಲಬದ್ಧತೆ ಇತ್ತು. ನೋಯುತ್ತಿದೆ ಅನ್ನಲು ಮಾತು ಸಿಗದವರು ಇನ್ನೇನು ಮಾಡಬೇಕು? ನಾರ್ವೆಯಲ್ಲಿ 18 ಆರೈಕೆ ಕೇಂದ್ರಗಳ 352 ಜನರ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ನೋವಿಗೆ ಮದ್ದು ಕೊಟ್ಟವರಲ್ಲಿ 8 ವಾರದಲ್ಲಿ ರಂಪಾಟ ಶೇ. 17ರಷ್ಟು ಇಳಿದಿತ್ತು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್!

ಎರಡೇ ದಿನದಲ್ಲಿ ದಿಢೀರನೆ ಆಳೇ ಬದಲಾದರೆ ಕಾಯಬೇಡಿ. ಮೂತ್ರದ ಸೋಂಕೋ, ನೀರು ಕಡಿಮೆಯಾಗಿದ್ದೋ, ಹೊಸ ಮಾತ್ರೆಯೋ ಇರಬಹುದು. ಅಂದೇ ಡಾಕ್ಟರಿಗೆ ತೋರಿಸಿ. ನೆಗಡಿಗೆ, ನಿದ್ದೆಗೆ ಅಂಗಡಿಯಿಂದ ತಂದ ಮಾತ್ರೆಯೂ ಸಾಕು ತಲೆ ಕೆಡಿಸಲು. ಕಿವಿ ಕೇಳದಿದ್ದರೆ, ನೀವಿಬ್ಬರು ಅಡುಗೆಮನೆಯಲ್ಲಿ ಪಿಸುಗುಟ್ಟುವುದೆಲ್ಲ ತಮ್ಮ ವಿಷಯವೇ ಅನ್ನಿಸುತ್ತದೆ, ಅಲ್ವಾ?

ಇನ್ನೊಂದು, ನಮ್ಮಲ್ಲಿ ಜಾಸ್ತಿ ಕಾಣುವುದು, ಪಾಳಿ. ಮೂರು ತಿಂಗಳು ದೊಡ್ಡವನ ಮನೆ, ಮೂರು ತಿಂಗಳು ಚಿಕ್ಕವನ ಮನೆ. ನ್ಯಾಯವೇನೋ ಸರಿ. ಆದರೆ ಬಚ್ಚಲು ಎಲ್ಲಿದೆ ಅಂತ ಕಷ್ಟಪಟ್ಟು ಕಲಿತವರಿಗೆ ಬಚ್ಚಲೇ ಬದಲಾಗಿಬಿಡುತ್ತದೆ. ಅಮ್ಮನ ಗಂಟು ಶುರುವಾದದ್ದು ಅವರು ನಮ್ಮ ಮನೆಗೆ ಬಂದ ವಾರವೇ.

ನೋಡಿಕೊಳ್ಳುವವರ ದಣಿವೂ ಒಂದು ಕಾರಣ. ನಿದ್ದೆಗೆಟ್ಟು "ಎಷ್ಟು ಸಲ ಹೇಳ್ಬೇಕು ನಿಮಗೆ" ಅಂತ ನಾನು ಗದರಿದ ದಿನಗಳಲ್ಲೇ ಅಮ್ಮನ ಗಲಾಟೆಯೂ ಹೆಚ್ಚು. ಹಾಗಂತ ಮಂಕು ಹಿಡಿಸುವ ಮಾತ್ರೆ ಕೊಡಿ ಅಂತ ಡಾಕ್ಟರಿಗೆ ದುಂಬಾಲು ಬೀಳಬೇಡಿ. ಮನೋರೋಗಕ್ಕೆ ಕೊಡುವ ಇಂಥ ಕೆಲವು ಮಾತ್ರೆಗಳಿಂದ ಮರೆಗುಳಿ ಇರುವ ವೃದ್ಧರಿಗೆ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ನಿಮಗೇ ಸಾಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416, ಕನ್ನಡದಲ್ಲೇ ಮಾತಾಡಬಹುದು.

ನಾವು ಐದು ಗಂಟೆಗೇ ಮನೆಯ ದೀಪವೆಲ್ಲ ಹಾಕಿ, ಕಾಫಿ ಕೊಟ್ಟು, ಅವರೆಕಾಯಿ ಸುಲಿಯಲು ಮುಂದಿಡತೊಡಗಿದೆವು. ಕೆಲವು ದಿನ ಆಗಲೂ ಗಂಟು ಕಟ್ಟುತ್ತಿದ್ದರು. ಆಗ ಗಂಟು ನಾನೇ ಹಿಡಿದು, ಬೀದಿ ಕೊನೆಯ ಗಣಪತಿ ಗುಡಿ ತನಕ ಇಬ್ಬರೂ ಹೋಗಿ ತಿರುಗುತ್ತಿದ್ದೆವು. ಗೇಟು ಕಂಡ ಕೂಡಲೇ ಅಮ್ಮ "ಅಂತೂ ಬಂದ್ವಲ್ಲ" ಅಂದು ಚಪ್ಪಲಿ ಬಿಡುತ್ತಿದ್ದರು.