ಒಂದು ಚಟಾಕು ಮಿಠಾಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ವೃತ್ತಿಯಿಂದ ವೈದ್ಯ. ಇಂಗ್ಲೆಂಡಿನ ಉತ್ತರ ಭಾಗದ ಲ್ಯಾಂಕಾಷೈರಿನಲ್ಲಿ, ಹತ್ತಿಗಿರಣಿಗಳ ಒಂದು ಸಣ್ಣ ಊರಿನಲ್ಲಿ, 1973ರಿಂದ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕೆಲಸ ಮಾಡಿ ನಿವೃತ್ತನಾದವನು. ಕಾಯಿಲೆಯವರನ್ನು ಅವರ ಮನೆಗೇ ಹೋಗಿ ನೋಡಿ ಬರುವ ರೂಢಿ ಆಗ ಇನ್ನೂ ಇತ್ತು. ನಾಡಿ ನೋಡಿ, ಎದೆಗೆ ಸ್ಟೆತಸ್ಕೋಪು ಇಟ್ಟು, ಔಷಧಿ ಬರೆದುಕೊಟ್ಟ ಮೇಲೆ ಚಹಾ ಬರುತ್ತಿತ್ತು. ಚಹಾದ ಹಿಂದೆಯೇ ಹಳೆಯ ಮಾತು ಬರುತ್ತಿತ್ತು. ಹಾಗೆ ಮಾತಿಗೆ ತೊಡಗುತ್ತಿದ್ದವರಲ್ಲಿ ಬಹುಪಾಲು ಜನ ನನಗಿಂತ ನಾಲ್ಕಾರು ವರ್ಷ ಹಿರಿಯರು, ಎರಡನೆಯ ಮಹಾಯುದ್ಧದ ಸುಮಾರಿಗೆ ಹುಟ್ಟಿ, ಅದು ಮುಗಿದ ಮೇಲಿನ ಎಂಟು ಹತ್ತು ವರ್ಷಗಳಲ್ಲಿ ಶಾಲೆಗೆ ಹೋದವರು. ಅವರ ಬಾಲ್ಯದ ಕಥೆಗಳಲ್ಲಿ ನಾನು ಗಮನಿಸಿದ ಸಂಗತಿಯೊಂದುಂಟು. ಅವರು ಯಾವುದನ್ನೂ ಅಳತೆಯಿಲ್ಲದೆ ನೆನೆಯುತ್ತಿರಲಿಲ್ಲ. ಬೆಣ್ಣೆ ಎಂದರೆ ಇಷ್ಟು ಔನ್ಸು, ಹಾಲು ಎಂದರೆ ಪೈಂಟಿನ ಮೂರನೆಯ ಒಂದು ಪಾಲು, ದೀಪ ಎಂದರೆ ಒಂದು ಷಿಲಿಂಗು.

ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುತ್ತಿದ್ದ ಮಾತು ‘ಎರಡು ಔನ್ಸು’. ಈಗಿನ ಲೆಕ್ಕದಲ್ಲಿ ಅದು ಐವತ್ತೇಳು ಗ್ರಾಮಿನಷ್ಟು. ನಮ್ಮ ಹಿರಿಯರು ತೂಕಕ್ಕೆ ಹಿಡಿಯುತ್ತಿದ್ದ ಚಟಾಕು, ಅಂದರೆ ಸೇರಿನ ಹದಿನಾರನೆಯ ಒಂದು ಪಾಲು, ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಒಬ್ಬ ದೊಡ್ಡ ಮನುಷ್ಯನಿಗೆ ವಾರವೊಂದಕ್ಕೆ ಸಿಗುತ್ತಿದ್ದ ಚಹಾಪುಡಿ ಬಹುಕಾಲ ಇಷ್ಟೇ ಆಗಿತ್ತು. ಪಡಿತರ ಆರಂಭವಾದದ್ದು 1940ರ ಜನವರಿ 8ರಂದು, ಯುದ್ಧದ ಮೊದಲ ಚಳಿಗಾಲದಲ್ಲಿ. ಯುದ್ಧ 1945ರಲ್ಲಿ ಮುಗಿದರೂ ಪಡಿತರ ಮುಗಿಯಲಿಲ್ಲ. ಮಾಂಸದ ಮೇಲಿನ ಕಟ್ಟುಪಾಡು ತೆರವಾಗಿ ಎಲ್ಲವೂ ಮುಗಿದದ್ದು 1954ರ ಜುಲೈ 4ರಂದು. ಇನ್ನೊಂದು ವಿಚಿತ್ರವೆಂದರೆ, ಬಾಂಬು ಬೀಳುತ್ತಿದ್ದ ಕಾಲದಲ್ಲಿ ಮುಕ್ತವಾಗಿ ಸಿಗುತ್ತಿದ್ದ ಬ್ರೆಡ್ಡು ಶಾಂತಿ ಬಂದ ಮೇಲೆ ಪಡಿತರಕ್ಕೆ ಸೇರಿತು. 1946ರ ಜುಲೈನಿಂದ 1948ರ ಜುಲೈವರೆಗೆ ಅದನ್ನೂ ಚೀಟಿ ಕೊಟ್ಟೇ ಕೊಳ್ಳಬೇಕಾಯಿತು. ಜಗತ್ತಿನಲ್ಲಿ ಗೋಧಿಗೆ ಬರ ಬಂದಿತ್ತು, ಸೋತ ಜರ್ಮನಿಯಲ್ಲಿ ತಮ್ಮ ಸುಪರ್ದಿನಲ್ಲಿದ್ದ ಜನರ ಹೊಟ್ಟೆಯನ್ನೂ ಬ್ರಿಟನ್ನೇ ನೋಡಿಕೊಳ್ಳಬೇಕಿತ್ತು.

ಪಡಿತರದ ಪುಸ್ತಕಗಳಿಗೆ ಬಣ್ಣವಿತ್ತು. ದೊಡ್ಡವರದು ಮಾಸಲು ಹಳದಿ, ಗರ್ಭಿಣಿಯರದೂ ಐದು ವರ್ಷದೊಳಗಿನ ಕೂಸುಗಳದೂ ಹಸಿರು, ಶಾಲೆಗೆ ಹೋಗುವ ಮಕ್ಕಳದು ನೀಲಿ. ಹಸಿರು ಪುಸ್ತಕವಿದ್ದರೆ ಹಣ್ಣಿನಂಗಡಿಯಲ್ಲಿ ಮೊದಲ ಪಾಲು. “ನಮ್ಮಮ್ಮ ಮತ್ತೆ ಬಸುರಿಯಾದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು, ಕಿತ್ತಳೆ ಬರುತ್ತದೆಂದು” ಎಂದು ಒಬ್ಬ ಮುದುಕಿ ನನಗೆ ಹೇಳಿ ನಕ್ಕಿದ್ದರು. ಸಿರಿವಂತರಿಗೂ ಬಡವರಿಗೂ ಚಹಾ ಒಂದೇ ತೂಕದಲ್ಲಿ ಸಿಗುತ್ತಿದ್ದ ಆ ಕಾಲವನ್ನು ಅವರೆಲ್ಲ ನ್ಯಾಯದ ಕಾಲವೆಂದೇ ನೆನೆಯುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ಆದರೆ ಒಳಗೊಳಗೆ 1943ರ ಬಂಗಾಳದ ನೆನಪಾಗುತ್ತಿತ್ತು. ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಾಗ ಈ ತಕ್ಕಡಿ ಅಲ್ಲಿಯವರೆಗೆ ಹೋಗಿರಲಿಲ್ಲ. ಚಹಾ ಕೊಟ್ಟು ಕೂರಿಸಿದವರ ಎದುರು ಅದನ್ನು ಎತ್ತಲು ನನಗೆ ಮನಸ್ಸಾಗಲಿಲ್ಲ. ಎತ್ತಬೇಕಿತ್ತೇನೋ ಎಂದು ಈಗ ಅನಿಸುತ್ತದೆ.

ನಮ್ಮವರಿಗೆ ನಂಬಲು ಕಷ್ಟವಾಗುವ ಕಥೆ ಬಾಳೆಹಣ್ಣಿನದು. 1940ರ ಕೊನೆಯಲ್ಲಿ ಸರ್ಕಾರ ಅದರ ಆಮದನ್ನೇ ನಿಲ್ಲಿಸಿಬಿಟ್ಟಿತ್ತು, ಹಡಗುಗಳು ಯುದ್ಧದ ಸರಕಿಗೆ ಬೇಕಾಗಿದ್ದವು. ಯುದ್ಧ ಮುಗಿದ ಮೇಲೆ ಮೊದಲ ಬಾಳೆಹಣ್ಣಿನ ಹಡಗು ಬ್ರಿಸ್ಟಲ್ ಬಳಿಯ ಏವನ್‌ಮತ್ ಬಂದರಿಗೆ ಬಂದದ್ದು 1945ರ ಡಿಸೆಂಬರಿನಲ್ಲಿ, ಹೊಸ ವರ್ಷದ ಹೊಸ್ತಿಲಲ್ಲಿ. ಆ ಹಣ್ಣು ಮಕ್ಕಳಿಗೆಂದೇ ಮೀಸಲು. ಐದಾರು ವರ್ಷದ ಮಕ್ಕಳು ಬಾಳೆಹಣ್ಣನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದರು. ಕೈಗೆ ಕೊಟ್ಟರೆ ಸಿಪ್ಪೆಸಮೇತ ಕಚ್ಚಿ ಮುಖ ಸಿಂಡರಿಸಿದವರ ಕಥೆ ಆ ದೇಶದ ಪ್ರತಿ ಊರಿನಲ್ಲಿಯೂ ಇದೆ. ಹೆಸರಾಂತ ಕಾದಂಬರಿಕಾರರೊಬ್ಬರು ತಮ್ಮ ಮೂವರು ಮಕ್ಕಳ ಪಾಲಿಗೆ ಬಂದಿದ್ದ ಮೂರು ಹಣ್ಣುಗಳನ್ನೂ ತಟ್ಟೆಗೆ ಹಾಕಿ, ಕೆನೆ ಸುರಿದು, ಸಕ್ಕರೆ ಉದುರಿಸಿ, ಮಕ್ಕಳು ನೋಡುತ್ತಿದ್ದಂತೆಯೇ ತಾವೊಬ್ಬರೇ ತಿಂದು ಮುಗಿಸಿದರಂತೆ. ಅವರ ಮಗ ಇದನ್ನು ಕೊನೆಯವರೆಗೂ ಮರೆಯಲಿಲ್ಲ. ಹಿತ್ತಲಿನಲ್ಲಿ ಗೊನೆ ಹಣ್ಣಾದರೆ ಬೀದಿಗೆಲ್ಲ ಹಂಚುತ್ತಿದ್ದ ಮನೆಯಿಂದ ಹೋದ ನನಗೆ, ಒಂದು ಬಾಳೆಹಣ್ಣಿಗೆ ಇಂಥ ಚರಿತ್ರೆ ಇರಬಹುದೆಂದು ತಿಳಿದದ್ದೇ ಅಲ್ಲಿ.

ಸೋಮವಾರ ಬಟ್ಟೆ ಒಗೆಯುವ ದಿನ. ಲ್ಯಾಂಕಾಷೈರಿನ ಗಿರಣಿ ಊರುಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳ ಸಾಲು, ಎರಡು ಸಾಲುಗಳ ಬೆನ್ನಿಗೆ ಕಿರಿದಾದ ಓಣಿ. ಆ ಓಣಿಯ ಉದ್ದಕ್ಕೂ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದರು. ನಸುಕಿನಲ್ಲೇ ಎದ್ದು ಹಂಡೆಯ ಕೆಳಗೆ ಉರಿ ಹಾಕಿ, ಬಿಳಿಯ ಬಟ್ಟೆಗಳನ್ನು ಕುದಿಸಿ, ಪೀಪಾಯಿಯಂಥ ತೊಟ್ಟಿಗೆ ಹಾಕಿ ಮರದ ಕೋಲಿನಿಂದ ತಿರುವಿ, ಆಮೇಲೆ ಮ್ಯಾಂಗಲ್ ಎಂಬ ಯಂತ್ರಕ್ಕೆ ಕೊಡಬೇಕು. ಅದು ಕಬ್ಬಿನ ಗಾಣದ ಹಾಗೆ. ಎರಡು ಮರದ ಉರುಳೆಗಳ ನಡುವೆ ಬಟ್ಟೆ ತೂರಿಸಿ ಹಿಡಿಕೆ ತಿರುಗಿಸಿದರೆ ನೀರು ಹಿಂಡಿ ಹೋಗುತ್ತದೆ. ಹಿಡಿಕೆ ತಿರುಗಿಸುವುದು ಮಕ್ಕಳ ಕೆಲಸ, ಗುಂಡಿಗಳು ಉರುಳೆಗೆ ಸಿಕ್ಕಿ ಪುಡಿಯಾದರೆ ಬೈಗುಳವೂ ಮಕ್ಕಳಿಗೇ. ಕೊನೆಯ ನೀರಿಗೆ ನೀಲಿಯ ಗಂಟನ್ನು ಅದ್ದಿ ತೆಗೆಯುತ್ತಿದ್ದರು. ಇದನ್ನು ಕೇಳಿದಾಗ ನನಗೆ ನಮ್ಮಮ್ಮ ಅಪ್ಪನ ಪಂಚೆಗೆ ನೀಲಿ ಹಾಕುತ್ತಿದ್ದ ಬಕೆಟ್ಟು ಕಣ್ಣಿಗೆ ಕಟ್ಟಿತು; ಅಷ್ಟು ದೂರದ ಎರಡು ಮನೆಗಳಲ್ಲಿ ನೀರಿನ ಬಣ್ಣ ಒಂದೇ ಆಗಿತ್ತು. ಗಿರಣಿ ಚಿಮಣಿಗಳ ಮಸಿ ಮಾತ್ರ ಅವರದೇ. ಒಗೆದು ಹರವಿದ ಹಾಸಿಗೆಯ ಮೇಲುಹಾಸು ಸಂಜೆಗೆ ಚುಕ್ಕೆ ಚುಕ್ಕೆಯಾಗಿರುತ್ತಿತ್ತು. ವರ್ಷಕ್ಕೊಮ್ಮೆ ಊರಿನ ಗಿರಣಿಗಳೆಲ್ಲ ಒಟ್ಟಿಗೆ ಮುಚ್ಚಿ, ಜನ ಬ್ಲ್ಯಾಕ್‌ಪೂಲ್ ಸಮುದ್ರತೀರಕ್ಕೆ ರೈಲು ಹತ್ತುತ್ತಿದ್ದ ರಜೆಯ ವಾರದಲ್ಲಿ ಹೊಗೆ ನಿಂತು, ಊರಾಚೆಯ ಬೆಟ್ಟಗಳು ಕಾಣುತ್ತಿದ್ದವಂತೆ. ಬ್ಲ್ಯಾಕ್‌ಪೂಲಿಗೆ ಹೋಗಲು ಕಾಸಿಲ್ಲದೆ ಊರಿನಲ್ಲೇ ಉಳಿದವರಷ್ಟೇ ಆ ಬೆಟ್ಟಗಳನ್ನು ಕಂಡವರು.

ಗ್ಯಾಸಿನ ಮೀಟರಿನ ಕಥೆ ಕೇಳಿ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಅಷ್ಟಕ್ಕೆ ತಕ್ಕ ಗ್ಯಾಸು ಒಲೆಗೆ ಬರುತ್ತಿತ್ತು; ನಾಣ್ಯದ ಋಣ ತೀರಿದರೆ ಉರಿ ಸಣ್ಣಗಾಗಿ ಆರುತ್ತಿತ್ತು, ಅರ್ಧ ಬೆಂದ ಆಲೂಗಡ್ಡೆ ಹಾಗೇ ಕಾಯಬೇಕು. ಕೆಲವು ತಿಂಗಳಿಗೊಮ್ಮೆ ಗ್ಯಾಸಿನವನು ಬಂದು ಪೆಟ್ಟಿಗೆಯ ಬೀಗ ತೆಗೆದು ಅಡಿಗೆಮನೆಯ ಮೇಜಿನ ಮೇಲೆ ನಾಣ್ಯ ಸುರಿದು, ಬೆರಳ ತುದಿಯಿಂದ ಸರಸರನೆ ಜರುಗಿಸಿ ಹನ್ನೆರಡು ಹನ್ನೆರಡರ ಗೋಪುರ ಕಟ್ಟುತ್ತಿದ್ದ. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗು, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು ಎಂಬ ಲೆಕ್ಕ 1971ರವರೆಗೂ ನಡೆಯಿತು. ಅಣೆ, ಕಾಸು, ಪೈಗಳಲ್ಲಿ ಮಗ್ಗಿ ಕಲಿತ ನಮ್ಮ ತಲೆಮಾರಿಗೆ ಅದು ಅಷ್ಟೇನೂ ಕ್ಲಿಷ್ಟವೆನಿಸದು. ಲೆಕ್ಕ ಮುಗಿದ ಮೇಲೆ ಅವನು ಒಂದು ಸಣ್ಣ ಗೋಪುರವನ್ನು ಮನೆಯೊಡತಿಯ ಕಡೆಗೆ ತಳ್ಳುತ್ತಿದ್ದ. ಅದು ಹೆಚ್ಚಾಗಿ ತೆತ್ತದ್ದರ ವಾಪಸಾತಿ. ತಮ್ಮದೇ ಹಣ ತಮಗೆ ಬಂದರೂ, ಅಂದು ಸಂಜೆ ಮನೆಯಲ್ಲಿ ಮೀನೂ ಆಲೂಗಡ್ಡೆಯ ಚಿಪ್ಸೂ ಹಬ್ಬ.

1947ರ ಚಳಿಗಾಲವನ್ನು ಅವರಾರೂ ಮರೆತಿರಲಿಲ್ಲ. ಜನವರಿಯ ಕೊನೆಯ ವಾರಗಳಲ್ಲಿ ಆರಂಭವಾದ ಹಿಮ ಮಾರ್ಚಿನವರೆಗೂ ಬಿಡಲಿಲ್ಲ. ಆ ವರ್ಷದ ಮೊದಲ ದಿನವಷ್ಟೇ ಕಲ್ಲಿದ್ದಲ ಗಣಿಗಳು ರಾಷ್ಟ್ರೀಕರಣವಾಗಿದ್ದವು. ಆದರೆ ಅಗೆದ ಕಲ್ಲಿದ್ದಲು ರೈಲುಹಾದಿಯ ಮೇಲೆಯೇ ಹಿಮದಲ್ಲಿ ಸಿಕ್ಕಿಬಿತ್ತು, ವಿದ್ಯುತ್ತು ನಿಂತಿತು, ಗಿರಣಿಗಳು ನಿಂತವು. ಮಕ್ಕಳ ನೆನಪಿನಲ್ಲಿ ಉಳಿದದ್ದು ಇದಾವುದೂ ಅಲ್ಲ, ಹಾಲಿನ ಸೀಸೆ. 1946ರಿಂದ ಶಾಲೆಯ ಪ್ರತಿ ಮಗುವಿಗೂ ದಿನಕ್ಕೊಂದು ಸಣ್ಣ ಸೀಸೆ ಹಾಲು ಪುಕ್ಕಟೆಯಾಗಿ ಸಿಗುತ್ತಿತ್ತು. ಚಳಿಗೆ ಹಾಲು ಹೆಪ್ಪುಗಟ್ಟಿ ಹಿಗ್ಗಿ, ರಟ್ಟಿನ ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಸೀಸೆಯ ಬಾಯಿಂದ ಒಂದಂಗುಲ ಮೇಲೆದ್ದು ನಿಲ್ಲುತ್ತಿತ್ತು. ಮೇಷ್ಟ್ರು ಆ ಸೀಸೆಗಳನ್ನು ಬಿಸಿಕೊಳವೆಗಳ ಪಕ್ಕ ಇರಿಸಿದರೆ ಹಾಲು ಉಗುರುಬೆಚ್ಚಗಾಗಿ ಒಂಥರಾ ವಾಸನೆ ಬರುತ್ತಿತ್ತು, ಅದನ್ನೂ ಕುಡಿದೇ ತೀರಬೇಕು. ದೊಡ್ಡವರಾದ ಮೇಲೂ ಹಾಲು ಮುಟ್ಟದವರು ನನ್ನ ರೋಗಿಗಳಲ್ಲಿ ಕೆಲವರಿದ್ದರು. ನಡುವೆ ತೂತಿದ್ದ ಆ ರಟ್ಟಿನ ಬಿಲ್ಲೆಗಳನ್ನು ಮಾತ್ರ ಯಾರೂ ಎಸೆಯುತ್ತಿರಲಿಲ್ಲ. ಎರಡನ್ನು ಜೋಡಿಸಿ ಸುತ್ತಲೂ ಉಣ್ಣೆದಾರ ಸುತ್ತಿ ಕತ್ತರಿಸಿದರೆ ಟೋಪಿಯ ತುದಿಗೆ ಹೊಲಿಯುವ ಕುಚ್ಚಿನ ಚೆಂಡು ಸಿದ್ಧ.

ವೈದ್ಯನಾದ ನನ್ನ ಎದುರು ಅವರು ತಪ್ಪದೆ ಹೇಳುತ್ತಿದ್ದ ಇನ್ನೊಂದು ಸಂಗತಿ, ಡಾಕ್ಟರ ಬಾಕಿ ವಸೂಲಿಗೆ ವಾರವಾರ ಬರುತ್ತಿದ್ದ ಮನುಷ್ಯನದು. ಮಗುವಿಗೆ ಜ್ವರ ಬಂದರೆ ತಾಯಿ ಮೊದಲು ನೋಡುತ್ತಿದ್ದದ್ದು ಮಗುವಿನ ಹಣೆಯನ್ನು, ಆಮೇಲೆ ಅಟ್ಟದ ಮೇಲಿನ ಚಹಾದ ಡಬ್ಬಿಯನ್ನು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದು, ಸಚಿವ ಅನೈರಿನ್ ಬೆವನ್ ಅಂದು ಮ್ಯಾಂಚೆಸ್ಟರ್ ಬಳಿಯ ಪಾರ್ಕ್ ಆಸ್ಪತ್ರೆಗೆ ಭೇಟಿಯಿತ್ತರು. ಆ ಮನುಷ್ಯ ಬಾಗಿಲು ಬಡಿಯುವುದು ನಿಂತಿತು. ನಾನು ಮತ್ತು ನನ್ನಂಥ ಎಷ್ಟೋ ಭಾರತೀಯ ವೈದ್ಯರು ಮುಂದೆ ಆ ದೇಶಕ್ಕೆ ಹೋದದ್ದು ಅದೇ ಸೇವೆಯ ನೌಕರರಾಗಿ.

ಈ ಭಾಷಣ ಬಾನುಲಿಯದಾದ್ದರಿಂದ ರೇಡಿಯೊ ಬಗ್ಗೆಯೂ ಒಂದು ಮಾತು. ವಿದ್ಯುತ್ತಿಲ್ಲದ ಮನೆಗಳಲ್ಲಿ ರೇಡಿಯೊಗೆ ಜೀವ ಕೊಡುತ್ತಿದ್ದದ್ದು ಆಮ್ಲ ತುಂಬಿದ ಗಾಜಿನ ಬ್ಯಾಟರಿ. ವಾರಕ್ಕೊಮ್ಮೆ ಅದನ್ನು ಅಂಗಡಿಗೆ ಒಯ್ದು ಚಾರ್ಜಿಗೆ ಕೊಟ್ಟು, ಹಿಂದಿನ ವಾರ ಕೊಟ್ಟದ್ದನ್ನು ತರುವ ಕೆಲಸ ಹುಡುಗರದು. ಕಾಲಿಗೆ ತಾಗಿ ಆಮ್ಲ ತುಳುಕಿದರೆ ಚಲ್ಲಣದಲ್ಲಿ ತೂತು. ಬಟ್ಟೆಗೂ 1949ರವರೆಗೆ ಪಡಿತರವಿದ್ದುದರಿಂದ ಆ ತೂತಿಗೆ ತೇಪೆಯೇ ಗತಿ. ಸಂಜೆ ಕಥೆಯ ಹೊತ್ತಿಗೆ ಬ್ಯಾಟರಿ ಕ್ಷೀಣಿಸಿ ದನಿ ತಗ್ಗುತ್ತಾ ಹೋದರೆ, ಮನೆಮಂದಿಯೆಲ್ಲ ಉಸಿರು ಹಿಡಿದು ರೇಡಿಯೊ ಪೆಟ್ಟಿಗೆಯತ್ತ ಬಾಗುತ್ತಿದ್ದರಂತೆ.

ಇಷ್ಟನ್ನೂ ಅವರು ನಗುನಗುತ್ತಾ ಹೇಳುತ್ತಿದ್ದರು. ನಗುವಿನ ನಡುವೆ ಕೆಮ್ಮು ಬರುತ್ತಿತ್ತು. ಅವರು ಬಾಯಿಬಿಟ್ಟು ಹೇಳದ್ದನ್ನು ಅವರ ಎದೆಯ ಎಕ್ಸ್‌ರೇ ನನಗೆ ಹೇಳುತ್ತಿತ್ತು. ಆ ಚಿಮಣಿಗಳ ಹೊಗೆ, ಹದಿನೈದಕ್ಕೆ ಶಾಲೆ ಬಿಟ್ಟು ಗಿರಣಿಗೆ ಸೇರಿದ ಮೇಲಿನ ಹತ್ತಿಯ ದೂಳು ಎರಡೂ ಅಲ್ಲಿ ಇರುತ್ತಿದ್ದವು. ಒಬ್ಬರ ಎಡಗಾಲು ಪೋಲಿಯೊದಿಂದ ಬಡಕಲಾಗಿತ್ತು. ತಮ್ಮ ಬಾಲ್ಯ ಬಹಳ ಸೊಗಸಾಗಿತ್ತೆಂದು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸುತ್ತಿದ್ದವರು ಅವರೇ.

ಮಿಠಾಯಿಯ ಕಥೆ ಹೇಳಿದವರೂ ಅವರೇ. ಮಿಠಾಯಿಯ ಪಡಿತರ ಬಹುಕಾಲ ನಾಲ್ಕು ವಾರಕ್ಕೆ ಹನ್ನೆರಡು ಔನ್ಸಿನಷ್ಟಿತ್ತು. 1949ರ ಏಪ್ರಿಲಿನಲ್ಲಿ ಸರ್ಕಾರ ಒಮ್ಮೆ ಅದನ್ನು ತೆಗೆದುಹಾಕಿತು. ಜನ ಮುಗಿಬಿದ್ದು ಅಂಗಡಿಗಳು ಬರಿದಾಗಿ, ನಾಲ್ಕು ತಿಂಗಳು ತುಂಬುವ ಮೊದಲೇ ಮತ್ತೆ ಹೇರಬೇಕಾಯಿತು. ಕೊನೆಗೂ ಅದು ತೊಲಗಿದ್ದು 1953ರ ಫೆಬ್ರವರಿ 5ರಂದು. ಅಂದು ಇವರಿಗೆ ಹತ್ತು ವರ್ಷ. ಅತ್ತೆ ಕೊಟ್ಟ ಎರಡೂವರೆ ಷಿಲಿಂಗಿನ ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಶಾಲೆ ಬಿಟ್ಟೊಡನೆ ಓಡಿ, ಬೀದಿಯ ತಿರುವಿನವರೆಗೂ ಚಾಚಿದ್ದ ಸಾಲಿನಲ್ಲಿ ನಿಂತರು. ಮುಂದಿದ್ದ ಹುಡುಗರು ಎಂಟು ಔನ್ಸು, ಹದಿನಾರು ಔನ್ಸು ಎಂದು ಕೂಗಿ ಕೇಳುತ್ತಿದ್ದರು. ಇವರ ಸರದಿ ಬಂದಾಗ ಅಭ್ಯಾಸಬಲದಿಂದ ನೀಲಿ ಪುಸ್ತಕವನ್ನೇ ಮುಂದೆ ಚಾಚಿದರು. ಅಂಗಡಿಯಾಕೆ ಅದನ್ನು ಹಿಂದಕ್ಕೆ ತಳ್ಳಿ, “ಎಷ್ಟು ಬೇಕಪ್ಪಾ?” ಎಂದರು. ಬಾಯಿಗೆ ಬಂದದ್ದು ಒಂದೇ ಮಾತು: “ಎರಡು ಔನ್ಸು.” ಆಕೆ ಒಂದು ಗಳಿಗೆ ಮುಖ ನೋಡಿ, ಜಾಡಿ ಬಗ್ಗಿಸಿ, ತೂಗಿ, ಕಾಗದದ ಪೊಟ್ಟಣ ಸುತ್ತಿ ಕೊಟ್ಟರು. ದಾರಿಯಲ್ಲಿ ಬಿಚ್ಚಿ ಎಣಿಸಿದರೆ ಹನ್ನೊಂದು. ಒಂದನ್ನು ಬಾಯಿಗೆ ಹಾಕಿ, ಹತ್ತನ್ನು ಜೇಬಿಗಿಟ್ಟು, ಉಳಿದ ಚಿಲ್ಲರೆಯೊಂದಿಗೆ ಮನೆ ಸೇರಿದರು.

ಎಷ್ಟು ಬೇಕಾದರೂ ಕೇಳಬಹುದಿತ್ತೆಂದು ಹೊಳೆದದ್ದು ರಾತ್ರಿ ಮಲಗಿದ ಮೇಲಂತೆ. ಬೆಳಿಗ್ಗೆ ಶಾಲೆಗೂ ಮೊದಲೇ ಓಡಿಹೋಗಿ ನೋಡಿದರು. ಆ ಜಾಡಿ ಖಾಲಿಯಾಗಿತ್ತು.