ಆಸಾ ಗರಿಜ್ಜಿ ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರ ಮನೆಯ ಗೋಡೆಯ ಮೇಲೆ ಸಮವಸ್ತ್ರ ತೊಟ್ಟ ಅಜ್ಜನದೋ ಮುತ್ತಜ್ಜನದೋ ಒಂದು ಹಳೆಯ ಫೋಟೋ ಇರುತ್ತದೆ. ಇವತ್ತಿನ ನನ್ನ ಮಾತು ಆ ಮನೆಗಳಿಗೆ. ಸಮಯ ಕಡಿಮೆ ಇರುವುದರಿಂದ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸೈನಿಕನ ಹೆಸರನ್ನು ಸರಿಯಾಗಿ ಬರೆದಿಡಿ. ಹಾರ, ಕಲ್ಲು, ಭಾಷಣ ಎಲ್ಲ ಆಮೇಲೆ.

ಯಾಕೆ ಅಂತ ಒಬ್ಬರ ಕಥೆಯಿಂದ ಹೇಳುತ್ತೇನೆ. ಆರ್ಥರ್ ಗಲಿಡ್ಜ್ ಅಂತ ಅವರ ಹೆಸರು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಬ್ರನ್ಸ್‌ವಿಕ್‌ನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಬ್ಯಾಂಡ್ ಮಾಸ್ಟರ್ ಆಗಿದ್ದರು, ಸಂಗೀತ ರಚಿಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲ, 1940ರಲ್ಲಿ ತಮ್ಮ ವಾದ್ಯಗಾರರನ್ನು ಕಟ್ಟಿಕೊಂಡೇ ಸೈನ್ಯಕ್ಕೆ ಸೇರಿದರು. ಕಾಳಗ ಶುರುವಾದಾಗ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿಯಬೇಕು, ಗಾಯಾಳುಗಳನ್ನು ಹೊರಬೇಕು. ಅವರ ತುಕಡಿಯನ್ನು ಕಳಿಸಿದ್ದು ಈಗಿನ ಪಾಪುವಾ ನ್ಯೂಗಿನಿಯ ರಬಾಲ್ ಎಂಬ ಬಂದರಿಗೆ. 1942ರ ಜನವರಿ 23ರಂದು ಜಪಾನಿನ ಸೈನ್ಯ ಬಂದಿಳಿದು ರಬಾಲ್ ಬಿತ್ತು. ಕೆಲವರು ಕಾಡು ಹಿಡಿದರು, ಬಹಳ ಜನ ಸೆರೆಯಾದರು.

ಆ ವರ್ಷ ಜೂನ್ 22ರಂದು ಸೆರೆಯಾಳುಗಳನ್ನು ಮಾಂಟೆವಿಡಿಯೊ ಮಾರು ಎಂಬ ಹಡಗಿಗೆ ಹತ್ತಿಸಿದರು. ಒಳಗೆ ಸೆರೆಯಾಳುಗಳಿದ್ದಾರೆ ಅನ್ನುವ ಗುರುತು ಹಡಗಿನ ಮೇಲೆ ಇರಲಿಲ್ಲ. ಜುಲೈ 1ರಂದು, ಬೆಳಕು ಹರಿಯುವ ಮೊದಲು, ಫಿಲಿಪೀನ್ಸ್‌ನ ಲುಜಾನ್ ದ್ವೀಪದ ಆಚೆ ಅಮೆರಿಕದ ಸ್ಟರ್ಜನ್ ಎಂಬ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಹೊಡೆಯಿತು. ಹೊಡೆದವರು ಮಿತ್ರಪಕ್ಷದವರೇ. ಒಳಗಿದ್ದವರು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಹತ್ತು ಹನ್ನೊಂದು ನಿಮಿಷದಲ್ಲಿ ಹಡಗು ಮುಳುಗಿತು. ಸಾವಿರಕ್ಕೂ ಹೆಚ್ಚು ಸೆರೆಯಾಳುಗಳಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ. ಗಲಿಡ್ಜ್ ಕೂಡ.

ಮನೆಯವರಿಗೆ? ಏನೂ ತಿಳಿಯಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಜಪಾನಿನ ವಿಮಾನವೊಂದು ಪೋರ್ಟ್ ಮೋರ್ಸ್‌ಬಿಯ ಮೇಲೆ ಸೆರೆಯಾಳುಗಳು ಬರೆದ ಕಾಗದಗಳ ಚೀಲ ಉದುರಿಸಿ ಹೋಗಿತ್ತು. ಹಲವು ಮನೆಗಳಿಗೆ ಬಂದ ಕೊನೆಯ ಸುದ್ದಿ ಅದು. ಆಮೇಲೆ ಮೂರು ವರ್ಷ ಮೌನ. ಹಡಗು ಮುಳುಗಿದ ಸಂಗತಿ ಮನೆಗಳಿಗೆ ತಲುಪಿದ್ದು 1945ರಲ್ಲಿ, ಯುದ್ಧ ಮುಗಿದ ಮೇಲೆ.

ಈಗ ನನಗೆ ತುಂಬ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಯುದ್ಧ ಮುಗಿದ ಕೂಡಲೇ ಮೇಜರ್ ಹೆರಾಲ್ಡ್ ವಿಲಿಯಮ್ಸ್ ಎಂಬ ಆಸ್ಟ್ರೇಲಿಯಾದ ಅಧಿಕಾರಿ ಟೋಕಿಯೊಗೆ ಹೋದರು. ಯುದ್ಧಕ್ಕೆ ಮೊದಲು ಬಹಳ ವರ್ಷ ಜಪಾನಿನಲ್ಲೇ ಇದ್ದವರು, ಆ ಭಾಷೆ ಚೆನ್ನಾಗಿ ಬಲ್ಲವರು. ಯುದ್ಧಕೈದಿಗಳ ಕಚೇರಿಯಲ್ಲಿ ಪಟ್ಟುಹಿಡಿದು ಕೇಳಿ ಕೇಳಿ ಕೊನೆಗೆ ಒಂದು ಪಟ್ಟಿ ಹೊರತೆಗೆಸಿದರು. 845 ಸೈನಿಕರು, 208 ನಾಗರಿಕರು. ಎಲ್ಲ ಹೆಸರೂ ಇದ್ದವು, ಆದರೆ ಕತಕಾನ ಲಿಪಿಯಲ್ಲಿ, ಅಂದರೆ ಜಪಾನಿಯರು ಹೊರಗಿನ ಹೆಸರುಗಳನ್ನು ಬರೆಯುವ ಲಿಪಿಯಲ್ಲಿ.

ಇದು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ನಾವು ‘ಬಸ್’ ಅನ್ನು ಬಸ್ಸು ಮಾಡುತ್ತೇವೆ, ‘ಕಾರ್’ ಅನ್ನು ಕಾರು ಮಾಡುತ್ತೇವೆ. ಕೊನೆಗೊಂದು ಸ್ವರ ಬೇಕು ನಮ್ಮ ಬಾಯಿಗೆ. ಜಪಾನಿಯರಿಗೂ ಹಾಗೇ. ಜೊತೆಗೆ ಅವರಲ್ಲಿ ಲಕಾರ ರಕಾರ ಎರಡಕ್ಕೂ ಒಂದೇ ಅಕ್ಷರ. ಸ್ಮಿತ್ ಎಂಬಾತ ಸುಮಿಸು ಆಗುತ್ತಾನೆ. ಹಿಲ್ ಎಂಬಾತ ಹಿರು ಆಗುತ್ತಾನೆ. ಪಟ್ಟಿ ಹುಡುಕಿದ ವಿಲಿಯಮ್ಸರನ್ನೇ ಆ ಲಿಪಿಯಲ್ಲಿ ಬರೆದರೆ ವಿರಿಯಾಮುಜು. ನಮ್ಮ ಆರ್ಥರ್ ಗಲಿಡ್ಜ್? ಹೆಚ್ಚುಕಡಿಮೆ ಆಸಾ ಗರಿಜ್ಜಿ. ಈಗ ನೀವೇ ಆ ಪಟ್ಟಿಯ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಆಸಾ ಗರಿಜ್ಜಿ ಎಂದು ಓದಿ, ಮೆಲ್ಬರ್ನಿನ ಒಬ್ಬ ಬ್ಯಾಂಡ್ ಮಾಸ್ಟರನನ್ನು ಕಂಡುಹಿಡಿಯಬೇಕು. ಅವರ ಮನೆಗೆ ಸಾವಿನ ಸುದ್ದಿ ಹೋಗಬೇಕು. ಒಂದು ಅಕ್ಷರ ತಪ್ಪಿದರೆ ಬೇರೊಬ್ಬರ ಮನೆಗೆ ಹೋಗುತ್ತದೆ. ಸಾವಿರಕ್ಕೂ ಮಿಕ್ಕಿದ ಹೆಸರುಗಳು ಹೀಗೆ ಒಂದೊಂದಾಗಿ ಇಂಗ್ಲಿಷಿಗೆ ಮರಳಬೇಕಾಗಿತ್ತು. ಅದನ್ನು ಮಾಡಿದವರಿಗೆ ನಾನು ಕೈಮುಗಿಯುತ್ತೇನೆ.

ಮುಂದೆ ಆ ಮೂಲ ಪಟ್ಟಿಯೇ ಎಲ್ಲೋ ಕಳೆದುಹೋಯಿತು. 2012ರಲ್ಲಿ ಜಪಾನ್ ಸರ್ಕಾರ ತನ್ನಲ್ಲಿದ್ದ ದಾಖಲೆಯ ಪ್ರತಿ ಕೊಟ್ಟಿತು. ಹೆಸರುಗಳನ್ನು ಮತ್ತೆ ಓದಿದರು. ಎಪ್ಪತ್ತು ವರ್ಷವಾದ ಮೇಲೆ, ಅದೇ ಹೆಸರುಗಳನ್ನು!

ಸಭೆಗಳಲ್ಲಿ ‘ಸಾವಿರಾರು ವೀರಯೋಧರು’ ಎಂದು ಹೇಳಿ ಮೈಕ್ ಕೆಳಗಿಡುವುದನ್ನು ನೋಡಿ ನೋಡಿ ಬೇಸರವಾಗಿದೆ. ಸಾವಿರಾರು ಅನ್ನುವುದು ಯಾರ ಹೆಸರೂ ಅಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಆ ಹಡಗು 2023ರ ಏಪ್ರಿಲ್‌ನಲ್ಲಿ ಸಿಕ್ಕಿತು, 4,000 ಮೀಟರಿಗೂ ಹೆಚ್ಚು ಆಳದಲ್ಲಿ. ಅಲ್ಲಿಂದ ಏನನ್ನೂ ಮೇಲೆ ತರಲಿಲ್ಲ. ಅದು ಸಮಾಧಿ, ಹಾಗೆಯೇ ಇರಲಿ ಎಂದು ಬಿಟ್ಟರು. ಗಲಿಡ್ಜ್ ಜೊತೆ ಹೋಗಿದ್ದ ಬ್ಯಾಂಡಿನವರಲ್ಲಿ ಯುದ್ಧ ಮುಗಿದು ಮನೆಗೆ ಬಂದವರು ಒಬ್ಬರೇ.

ಇದೆಲ್ಲ ದೂರದ ಸಂಗತಿ ಅನ್ನಬೇಡಿ. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ನಮ್ಮ ಮೈಸೂರು ಸಂಸ್ಥಾನದ ಪದಾತಿದಳವೂ ಅಲ್ಲಿತ್ತು. ಮುಂದಿನ ವರ್ಷ ಜನವರಿ 26ರಂದು ಬುಯೊ ಮಾರು ಎಂಬ ಜಪಾನಿನ ಹಡಗು ಅಮೆರಿಕದ ವಾಹೂ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿತು. ಅದರಲ್ಲಿದ್ದ ಭಾರತೀಯ ಸೆರೆಯಾಳುಗಳು ಪಂಜಾಬ್ ರೆಜಿಮೆಂಟಿನವರು. 195 ಮಂದಿ ಸತ್ತರು. ಅವರಲ್ಲಿ ಒಬ್ಬರ ಹೆಸರನ್ನಾದರೂ ಶಾಲೆಯಲ್ಲಿ ಕೇಳಿದ್ದೀರಾ? ಸಿಂಗಾಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ 24,000ಕ್ಕೂ ಹೆಚ್ಚು ಹೆಸರುಗಳಿವೆ, ಸಮಾಧಿಯೇ ಸಿಗದವರವು. ಅವುಗಳಲ್ಲಿ ಭಾರತೀಯರ ಹೆಸರು ಬೇಕಾದಷ್ಟಿವೆ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದವರೂ ಕಿವಿಗೆ ಬಿದ್ದಂತೆಯೇ ಬರೆದಿದ್ದಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರೇ ನೋಡಿ, ಇಂಗ್ಲಿಷಿನಲ್ಲಿ ‘ಸಿ’ಯಿಂದ ಶುರುವಾಗುತ್ತದೆ. ಅಂಥ ಹೆಸರನ್ನು ‘ಕೆ’ ಹಾಕಿ ಹುಡುಕಿದರೆ ಸಿಗುವುದಿಲ್ಲ. ಕೊಡಗಿನವರಾದರೆ ಮನೆತನದ ಹೆಸರು ಹಾಕಿಯೂ ನೋಡಿ, ಬಿಟ್ಟೂ ನೋಡಿ. ಒಂದು ಬಗೆಯಲ್ಲಿ ಸಿಗದಿದ್ದರೆ ನಾಲ್ಕು ಬಗೆಯಲ್ಲಿ ಬರೆದು ಹುಡುಕಿ. ಪಿಂಚಣಿ ಕಾಗದವಿದ್ದರೆ ಅದರಲ್ಲಿ ಸೈನ್ಯದ ನಂಬರ್ ಇರುತ್ತದೆ, ಅದನ್ನೂ ಬರೆದುಕೊಳ್ಳಿ.

ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಈಗಲೇ ರೇಡಿಯೊ ಆರಿಸಿ ಅವರ ಹತ್ತಿರ ಹೋಗಿ. ಆ ಫೋಟೋದಲ್ಲಿರುವವರ ಪೂರ್ತಿ ಹೆಸರು ಕೇಳಿ, ಫೋಟೋ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ನಮಸ್ಕಾರ.